1966ರ ಕಾರ್ವೆಟ್: ಜಡ್ಜಿಂಗ್‌ಗೆ ಸರಿಹೋಗುವ ಫ್ಯಾಕ್ಟರಿ ಪಾರ್ಟ್ಸ್ ಹುಡುಕುತ್ತಿದ್ದೇನೆ, ತಿಳಿದವರು ಹೇಳಿ

ತಿಪಟೂರು_ಮಿಶಿಗನ್:

ಎಲ್ಲರಿಗೂ ನಮಸ್ಕಾರ. ನನ್ನ ಊರು ತಿಪಟೂರು, ಈಗ ಇರುವುದು ಮಿಶಿಗನ್‌ನಲ್ಲಿ. ಮೂರು ವರ್ಷದ ಹಿಂದೆ 1966ರ ಕಾರ್ವೆಟ್ ಕೂಪೆ ಕೊಂಡೆ, ಅಂದರೆ ಶೆವ್ರೊಲೆಯವರ ಸ್ಪೋರ್ಟ್ಸ್ ಕಾರು, ಗಟ್ಟಿ ಛಾವಣಿಯದ್ದು. ನ್ಯಾಸೋ ಬ್ಲೂ ಬಣ್ಣ, 327 ಘನ ಇಂಚಿನ ಎಂಜಿನ್, 300 ಹಾರ್ಸ್‌ಪವರ್, ನಾಲ್ಕು ಗೇರು. ಆ ವರ್ಷ ಸೇಂಟ್ ಲೂಯಿಸ್ ಫ್ಯಾಕ್ಟರಿಯಿಂದ 27,720 ಕಾರ್ವೆಟ್ ಬಂದವು, ಅದರಲ್ಲಿ ಕೂಪೆ 9,958 ಮಾತ್ರ. ನನ್ನದು ಏಪ್ರಿಲ್‌ನಲ್ಲಿ ತಯಾರಾದದ್ದು.

ಇದನ್ನು ಎನ್‌ಸಿಆರ್‌ಎಸ್ ಜಡ್ಜಿಂಗ್‌ಗೆ ಒಯ್ಯಬೇಕು ಅಂತ ಆಸೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎನ್‌ಸಿಆರ್‌ಎಸ್ ಅಂದರೆ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ, 1974ರಲ್ಲಿ ಶುರುವಾದದ್ದು. ಅಲ್ಲಿ ಯಾರ ಕಾರು ಜಾಸ್ತಿ ಹೊಳೆಯುತ್ತದೆ ಅನ್ನುವ ಸ್ಪರ್ಧೆ ಇಲ್ಲ. ಫ್ಯಾಕ್ಟರಿಯಿಂದ ಹೊರಬಂದ ದಿನ ಈ ಕಾರು ಹೇಗಿತ್ತೋ ಇವತ್ತೂ ಹಾಗೇ ಇದೆಯಾ ಅನ್ನುವುದೊಂದೇ ಪ್ರಶ್ನೆ. ಒಟ್ಟು 4510 ಅಂಕ. ಶೇ. 94 ಬಂದರೆ ಟಾಪ್ ಫ್ಲೈಟ್ ಅನ್ನುವ ಪ್ರಶಸ್ತಿ, 85 ಬಂದರೆ ಸೆಕೆಂಡ್ ಫ್ಲೈಟ್, 75 ಬಂದರೆ ಥರ್ಡ್ ಫ್ಲೈಟ್.

ಈಗ ನನ್ನ ಕಷ್ಟ. ಹೋದ ತಿಂಗಳು ಒಬ್ಬ ಮಾರಾಟಗಾರನಿಂದ ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ತರಿಸಿದೆ. ಹಳೆಯ ಜಿಎಂ (ಶೆವ್ರೊಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸ್) ಡಬ್ಬಿ, ಒಳಗೆ ಒಂದು ಗೀರೂ ಇಲ್ಲದ ಪೀಸು, ಯಾವತ್ತೂ ಕಾರಿಗೆ ಕೂರದ ಹಳೆ ಸ್ಟಾಕು ಅಂತ ಹೇಳಿ ದೊಡ್ಡ ಮೊತ್ತ ತೆಗೆದುಕೊಂಡ. ಮನೆಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಮೇಲಿನ ತಾರೀಖು 1971ರದ್ದು. ಐದು ವರ್ಷ ಆಚೆಯ ಮಾಲು. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದ. ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ ನನಗೆ.

ಇದಕ್ಕಿಂತ ದೊಡ್ಡದು ಎಂಜಿನ್ ವಿಷಯ. ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ದೇಹದ, ಎರಕದ ನಂಬರ್ 3858174, ಅದು ಸರಿ. ಎರಕ ಹೊಯ್ದ ತಾರೀಖು ‘ಬಿ 23 6’, ಅಂದರೆ 1966ರ ಫೆಬ್ರವರಿ 23, ಅದೂ ಹೊಂದುತ್ತದೆ. ಆದರೆ ಮುಂದೆ, ಸಿಲಿಂಡರ್ ಹೆಡ್ಡಿನ ಪಕ್ಕ, ನಂಬರ್ ಹೊಡೆಯುವ ಜಾಗ ಇರುತ್ತದಲ್ಲ, ಆ ಪ್ಯಾಡ್ ಖಾಲಿ. ಯಾರೋ ಹಿಂದೆ ಮೇಲ್ಮೈ ಕೊರೆಸಿದ್ದಾರೆ. ಎಂಜಿನ್ ಗುರುತೂ ಇಲ್ಲ, ಕಾರಿನ ನಂಬರೂ ಇಲ್ಲ. ಏನು ಮಾಡಲಿ?

ಬೋಲ್ಟು, ಕ್ಲಾಂಪು, ಬಣ್ಣ, ಗಾಜು ಎಲ್ಲದರ ಬಗ್ಗೆಯೂ ಹೇಳಿ. ಓದಲು ಸಮಯ ಇದೆ, ಇಲ್ಲಿ ಚಳಿಗಾಲ ಈಗಷ್ಟೇ ಶುರು.

ಗ್ರ್ಯಾಂಡ್‌ರ್ಯಾಪಿಡ್ಸ್_64:

ಆಲ್ಟರ್ನೇಟರ್ ವಿಷಯ ಓದಿ ನಿಜಕ್ಕೂ ಬೇಜಾರಾಯಿತು. ನನಗೂ ಹೀಗೇ ಆಗಿತ್ತು, ನನ್ನದು 64ರ ಕನ್ವರ್ಟಿಬಲ್. ಅವತ್ತು ಕಲಿತದ್ದನ್ನು ಹೇಳುತ್ತೇನೆ.

ಡಬ್ಬಿಯಲ್ಲಿರುವ ಹಳೆ ಸ್ಟಾಕು ಅಂದ ಮಾತ್ರಕ್ಕೆ ಅದು ಸರಿಯಾದ ಪಾರ್ಟ್ ಅಲ್ಲ. ಜಿಎಂ ಎರಡು ಥರ ಪಾರ್ಟ್ಸ್ ಮಾಡಿಸುತ್ತಿತ್ತು. ಒಂದು, ಫ್ಯಾಕ್ಟರಿಯ ಲೈನಿನಲ್ಲಿ ಕಾರಿಗೆ ಕೂರಿಸಿದ್ದು. ಇನ್ನೊಂದು, ಕೆಟ್ಟಾಗ ಬದಲಾಯಿಸಲಿ ಅಂತ ಡೀಲರ್ ಕೌಂಟರಿಗೆ ಕಳಿಸಿದ್ದು. ಕೌಂಟರಿನ ಮಾಲನ್ನು ಆಮೇಲೂ ಹಲವು ವರ್ಷ ಮಾಡುತ್ತಿದ್ದರು. ಅಷ್ಟರಲ್ಲಿ ನಾಲ್ಕೈದು ಮಾಡೆಲ್‌ಗೆ ಒಂದೇ ಪಾರ್ಟ್ ಸಾಕು ಅಂತ ಆಕಾರ ಬದಲಾಗಿರುತ್ತದೆ, ಲೋಗೋ ಬದಲಾಗಿರುತ್ತದೆ, ಕೆಲವು ಸಲ ತೂತಿನ ಜಾಗವೇ ಬೇರೆ. ಕಾರು ಓಡಿಸುವವನಿಗೆ ಇದೆಲ್ಲ ಲೆಕ್ಕಕ್ಕಿಲ್ಲ, ಜಡ್ಜ್‌ಗೆ ಇದೇ ಮುಖ್ಯ. ಕಾರಿನಲ್ಲಿ ಹತ್ತು ವರ್ಷ ಓಡಿ ಮುಖ ಕಪ್ಪಾದ, ಆದರೆ ತಾರೀಖು ಸರಿ ಇರುವ ಆಲ್ಟರ್ನೇಟರ್ ಆ ಡಬ್ಬಿಯ ಚೆಲುವನಿಗಿಂತ ಎಷ್ಟೋ ಮೇಲು. ಬಿಚ್ಚಿ, ತೊಳೆದು, ಒಳಗೆ ಹೊಸ ಬೇರಿಂಗು ಬ್ರಷ್ಷು ಹಾಕಿಕೊಂಡರೆ ಆಯಿತು.

ಎನ್‌ಸಿಆರ್‌ಎಸ್‌ನಲ್ಲಿ ಒಂದೊಂದು ಪಾರ್ಟಿಗೂ ಅಂಕ ಎರಡು ಪಾಲಾಗಿ ಇರುತ್ತದೆ. ಒರಿಜಿನಾಲಿಟಿಗೆ ಒಂದಿಷ್ಟು, ಸ್ಥಿತಿಗೆ ಒಂದಿಷ್ಟು. ಒರಿಜಿನಾಲಿಟಿಯನ್ನು ಮತ್ತೆ ಐದು ಮಾಡುತ್ತಾರೆ: ಆಕಾರ ಸರಿಯಾ, ತಾರೀಖು ಸರಿಯಾ, ಪೂರ್ತಿ ಇದೆಯಾ, ಕೂರಿಸಿದ ರೀತಿ ಸರಿಯಾ, ಮೇಲಿನ ಫಿನಿಶ್ ಸರಿಯಾ. ಒಂದೊಂದಕ್ಕೂ ಶೇ. 20. ಇದು ತಲೆಗೆ ಹೋದರೆ ಅಂಗಡಿಯಲ್ಲಿ ಪಾರ್ಟ್ ಕೈಗೆತ್ತಿಕೊಂಡಾಗ ಕಣ್ಣು ತಾನಾಗೇ ಐದು ಕಡೆ ಓಡುತ್ತದೆ. ನೀವು ತರಿಸಿದ ಪೀಸಿನಲ್ಲಿ ತಾರೀಖಿನ ಪಾಲು ಹೋಯಿತು. ಆಕಾರ ಸರಿ ಇದ್ದರೆ ಆ ಪಾಲು ಉಳಿಯುತ್ತದೆ. ಪೂರ್ತಿ ಸೊನ್ನೆ ಅಂತ ಎದೆಗುಂದಬೇಡಿ.

ತಾರೀಖಿನ ಲೆಕ್ಕ ಹೀಗೆ. ಕಾರು ತಯಾರಾದ ದಿನದಿಂದ ಹಿಂದಕ್ಕೆ ಆರು ತಿಂಗಳ ಒಳಗಿನ ಪಾರ್ಟ್ ಸಾಮಾನ್ಯವಾಗಿ ಒಪ್ಪುತ್ತಾರೆ. ಕಾರಿಗಿಂತ ಒಂದು ದಿನ ಈಚಿನದಾದರೂ ತಪ್ಪು, ಹುಟ್ಟದೇ ಇರುವ ಪಾರ್ಟ್ ಕಾರಿನಲ್ಲಿ ಕೂತಿರಲು ಸಾಧ್ಯವಿಲ್ಲ ಅಲ್ವಾ. ನಿಮಗೆ 1965ರ ಅಕ್ಟೋಬರ್ ಕೊನೆಯಿಂದ 1966ರ ಏಪ್ರಿಲ್ ಒಳಗಿನದು ಬೇಕು. ಜಿಎಂನ ವಿದ್ಯುತ್ ಪಾರ್ಟ್ಸ್ ಮಾಡುತ್ತಿದ್ದ ಡೆಲ್ಕೊ ರೆಮಿಯ ಆಲ್ಟರ್ನೇಟರ್ ಮೇಲೆ ಮೊದಲು ವರ್ಷದ ಕೊನೆಯ ಅಂಕಿ, ಆಮೇಲೆ ತಿಂಗಳಿನ ಅಕ್ಷರ, ಆಮೇಲೆ ದಿನ. ‘6ಬಿ11’ ಅಂತ ಇದ್ದರೆ 66ರ ಫೆಬ್ರವರಿ 11. ಅದೇ ಬ್ಲಾಕಿನ ಎರಕದ ಮೇಲೆ ತಿಂಗಳು, ದಿನ, ವರ್ಷ ಅನ್ನುವ ಕ್ರಮ. ಹೊಸಬರು ಇಲ್ಲೇ ಎಡವುತ್ತಾರೆ.

ಮೊದಲು 1966ರ ಜಡ್ಜಿಂಗ್ ಮ್ಯಾನ್ಯುಅಲ್ ತರಿಸಿ. ಅದನ್ನು ಎರಡು ಸಲ ಓದುವ ತನಕ ಒಂದು ವಾಷರ್ ಕೂಡ ಕೊಳ್ಳಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ, ನಿಮ್ಮ ದುಡ್ಡು ಉಳಿಯಲಿ ಅಂತ.

ಡಿಲೈಟ್_ಬಸವನಗುಡಿ:

ನಾನು ಬೆಂಗಳೂರಿನಿಂದ. ಕಾರ್ವೆಟ್ ಬಗ್ಗೆ ಗೊತ್ತಿಲ್ಲ, ಆದರೆ ಈ ನೋವು ಗೊತ್ತು. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಫಿಯಟ್ 1100 ಡಿಲೈಟ್ ಇದೆ, 1970ರದ್ದು, ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ ತಯಾರಾದದ್ದು. ನಾಲ್ಕು ವರ್ಷದಿಂದ ಅದರ ಹಿಂದೆ ಬಿದ್ದಿದ್ದೇನೆ.

ಜೆ.ಸಿ. ರೋಡಿನಲ್ಲಿ ಹೋಗಿ ‘ಒರಿಜಿನಲ್ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಅವರ ಮಟ್ಟಿಗೆ ಒರಿಜಿನಲ್ ಅಂದರೆ ಕಂಪನಿ ಮಾಲು, ಲೋಕಲ್ ಅಲ್ಲ, ಅಷ್ಟೇ. 1990ರ ಪದ್ಮಿನಿಯ ಪಾರ್ಟೂ ಅವರಿಗೆ ಒರಿಜಿನಲ್ಲೇ, ಅವರು ಸುಳ್ಳು ಹೇಳುತ್ತಿಲ್ಲ. ನಾವು ಕೇಳುವ ಪ್ರಶ್ನೆಯೇ ಬೇರೆ ಇರಬೇಕು. ಈಗ ನಾನು ‘1970ರ ಗಾಡಿಯಿಂದ ಬಿಚ್ಚಿದ್ದು ಇದೆಯಾ’ ಅಂತ ಕೇಳುತ್ತೇನೆ. ಆಗ ಅಂಗಡಿಯವರು ಸ್ವಲ್ಪ ಯೋಚನೆ ಮಾಡಿ, ಒಳಗಿನ ಅಟ್ಟ ಹತ್ತುತ್ತಾರೆ ಅಥವಾ ಶಿವಾಜಿನಗರದ ಗುಜರಿಗೆ ಹೋಗಿ ಅಂತ ದಾರಿ ಹೇಳುತ್ತಾರೆ.

ಇನ್ನೊಂದು ತಪ್ಪು ಮಾಡಿದ್ದೆ. ಇಟಲಿಯ ಫಿಯಟ್ ಪಾರ್ಟ್ ತರಿಸಿದರೆ ಅದಕ್ಕಿಂತ ಶುದ್ಧ ಇನ್ನೇನಿದೆ ಅಂದುಕೊಂಡಿದ್ದೆ. ಆದರೆ ಇಟಲಿಯ 1100 ಡಿ ಕಾರಿನ ಎಂಜಿನ್ 1221 ಸಿಸಿ, ನಮ್ಮದು 1089. ನನ್ನ ಕಾರಿನ ಡೈನಮೊ ಲ್ಯೂಕಾಸ್ ಟಿವಿಎಸ್‌ನದು, ಪ್ಲಗ್ಗು ನಮ್ಮ ಆಡುಗೋಡಿಯ ಮೈಕೊದ್ದು. ಅದನ್ನು ತೆಗೆದು ಇಟಲಿಯದು ಹಾಕಿದರೆ ಕಾರಿನ ಚರಿತ್ರೆಯನ್ನೇ ತೆಗೆದ ಹಾಗೆ. ಕುರ್ಲಾದಲ್ಲಿ ಹುಟ್ಟಿದ ಕಾರು ಕುರ್ಲಾದ ಹಾಗೇ ಇರಬೇಕು ಅನ್ನುವುದು ಈಗ ನನ್ನ ಹಟ.

ಭಾರತದಲ್ಲಿರುವವರು ಗಮನಿಸಿ, ಇದು ಬರೀ ಬಹುಮಾನದ ಮಾತಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ‘ವಿಎ’ ನಂಬರ್ ಸಿಗಬೇಕಾದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಯೋಚಿಸಬೇಕು.

ಬಣ್ಣದ_ಕೆಲಸ:

ನನ್ನದು ಹುಬ್ಬಳ್ಳಿಯಲ್ಲಿ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜು, ಇಪ್ಪತ್ತೆರಡು ವರ್ಷ ಆಯಿತು. ತಿಪಟೂರಿನವರಿಗೆ ಒಂದು ಪ್ರಶ್ನೆ. ನನ್ನ ಹತ್ತಿರ ಹಳೆ ಕಾರು ತರುವವರೆಲ್ಲ ಕನ್ನಡಿ ಥರ ಹೊಳೆಯಬೇಕು ಅನ್ನುತ್ತಾರೆ. ಫ್ಯಾಕ್ಟರಿಯಲ್ಲಿ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ ಅಂದರೆ ನಂಬುವುದಿಲ್ಲ. ನಿಮ್ಮಲ್ಲಿ ಜಾಸ್ತಿ ಚೆನ್ನಾಗಿ ಹೊಡೆದರೆ ಅಂಕ ಕಡಿಯುತ್ತಾರಾ?

ಗ್ರ್ಯಾಂಡ್‌ರ್ಯಾಪಿಡ್ಸ್_64:

ಹೌದು, ಕಡಿಯುತ್ತಾರೆ. 66ರಲ್ಲಿ ಈ ಕಾರಿಗೆ ಹೊಡೆದದ್ದು ಅಕ್ರಿಲಿಕ್ ಲ್ಯಾಕರ್. ಬಾಡಿ ತಗಡಿನದ್ದಲ್ಲ, ಫೈಬರ್‌ಗ್ಲಾಸ್. ಬಾಗಿಲಿನ ಒಳಅಂಚು, ಬಾನೆಟ್ಟಿನ ಕೆಳಭಾಗ ಇಲ್ಲೆಲ್ಲ ಬಣ್ಣ ಒರಟಾಗಿ, ಕಿತ್ತಳೆ ಸಿಪ್ಪೆಯ ಹಾಗೆ ಇರುತ್ತಿತ್ತು. ಅಡಿಯಲ್ಲಿ ಕಪ್ಪು ಬಣ್ಣದ ತುಂತುರು ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ಕೆಲಸಗಾರರು ಮೇಣದ ಪೆನ್ಸಿಲ್‌ನಲ್ಲಿ ಬರೆದ ಗುರುತು ಚಾಸಿ ಮೇಲೆ ಇರುತ್ತಿತ್ತು. ಅದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿ ಮೇಲೆ ಕ್ಲಿಯರ್ ಕೋಟ್ ಎಳೆದರೆ ನೋಡಲು ಚೆಂದ, ಆದರೆ ಅದು ಸೇಂಟ್ ಲೂಯಿಸ್‌ನ ಕೆಲಸ ಅಲ್ಲ. ಫಿನಿಶ್‌ಗೆ ಇರುವ ಪಾಲು ಹೋಗುತ್ತದೆ.

ಅದಕ್ಕೇ ಹೇಳುತ್ತೇನೆ, ಯಾವ ಜಾಗದಲ್ಲಿ ಹಳೆ ಬಣ್ಣ ಉಳಿದಿದೆಯೋ ಅದನ್ನು ಮುಟ್ಟಬೇಡಿ. ಬಾಗಿಲಿನ ಪ್ಯಾಡ್ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಅಂಗೈಯಗಲ ಉಳಿದರೂ ಸಾಕು, ನಿಮ್ಮ ಪೇಂಟರ್‌ಗೆ ಅದೇ ಮಾದರಿ.

ಬಣ್ಣದ_ಕೆಲಸ:

ಈ ಮಾತು ಕೇಳಿ ಸಂತೋಷ ಆಯಿತು. ಒರಟಾಗಿ ಹೊಡೆಯುವುದೂ ಸುಲಭ ಅಲ್ಲ ಅಂತ ಹೇಳಬೇಕು. ನುಣ್ಣಗೆ ಮಾಡಲು ಕೈ ಪಳಗಿರುತ್ತದೆ. ಬೇಕಂತಲೇ ಒರಟು ತರಬೇಕಾದರೆ ಗನ್ನಿನ ಗಾಳಿ, ದೂರ, ತಿನ್ನರ್ ಎಲ್ಲ ಬದಲಾಯಿಸಬೇಕು. ಮೊದಲು ಬೇಡದ ಒಂದು ಪ್ಯಾನೆಲ್ ಮೇಲೆ ನಾಲ್ಕೈದು ಸಲ ಹೊಡೆದು ನೋಡಿ, ಹಳೇ ಬಣ್ಣದ ಪಕ್ಕ ಹಿಡಿದು, ಬಿಸಿಲಲ್ಲಿ ನೋಡಿ. ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ ಒಪ್ಪಿಕೊಳ್ಳಬೇಡಿ.

ಹೊಸಗೇರ್:

ಎಂಜಿನ್ ಪ್ಯಾಡ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಬ್ಲಾಕ್ ಸರಿ ಇದೆ, ತಾರೀಖು ಸರಿ ಇದೆ. ನಂಬರ್ ಹೊಡೆದುಕೊಡುವವರು ಅಲ್ಲಿ ಇದ್ದಾರಂತೆ. ಹೊಡೆಸಿಬಿಡಿ, ಕೆಲಸ ಮುಗಿಯಿತು. ಎಂಜಿನ್ ಅಂತೂ ಅದೇ ಕಾಲದ್ದು ತಾನೆ.

ಟೂಲ್‌ರೂಮ್_ಹಿರಿಯ:

ನಾನು ಬೆಂಗಳೂರಿನ ಎಚ್‌ಎಂಟಿಯಲ್ಲಿ ಟೂಲ್‌ರೂಮಿನಲ್ಲಿದ್ದೆ, ನಿವೃತ್ತನಾಗಿ ಬಹಳ ವರ್ಷವಾಯಿತು. ಈ ಚರ್ಚೆಯನ್ನು ನನ್ನ ಮಗಳು ತೋರಿಸಿದಳು. ಕಾರಿನ ವಿಷಯ ಬಿಡಿ, ಲೋಹದ ವಿಷಯ ಹೇಳಬಲ್ಲೆ.

ಆ ಪ್ಯಾಡ್ ಬೇರೆ ಭಾಗ ಅಲ್ಲ. ಬ್ಲಾಕಿನ ಮೇಲ್ಮೈ, ಅಂದರೆ ಹೆಡ್ ಕೂರುವ ಜಾಗ, ಅದರದ್ದೇ ಮುಂದುವರಿಕೆ. ಶೆವ್ರೊಲೆಯವರು ಆ ಮೇಲ್ಮೈಯನ್ನು ಬ್ರೋಚಿಂಗ್ ಮಾಡುತ್ತಿದ್ದರು. ಬ್ರೋಚ್ ಅಂದರೆ ಸಾಲಾಗಿ ಹಲ್ಲುಗಳಿರುವ ಉದ್ದನೆಯ ಹತ್ಯಾರು. ಹಿಂದಿನ ಹಲ್ಲಿಗಿಂತ ಮುಂದಿನ ಹಲ್ಲು ಕೂದಲೆಳೆಯಷ್ಟು ಎತ್ತರ. ಒಂದೇ ಎಳೆತಕ್ಕೆ ಮೇಲ್ಮೈ ಸಿದ್ಧ. ಹಲ್ಲಿನ ಅಂಚಿನಲ್ಲಿರುವ ಸಣ್ಣ ಸಣ್ಣ ಮುಕ್ಕುಗಳು ಲೋಹದ ಮೇಲೆ ನೇರ ಗೆರೆ ಬಿಡುತ್ತವೆ, ಎಂಜಿನ್ನಿನ ಉದ್ದಕ್ಕೂ, ಮುಂದಿನಿಂದ ಹಿಂದಕ್ಕೆ. ಗ್ಯಾರೇಜಿನವರು ಆಮೇಲೆ ಮೇಲ್ಮೈ ಕೊರೆಯುವುದು ತಿರುಗುವ ಕಟರ್ ಅಥವಾ ಕಲ್ಲಿನಲ್ಲಿ. ಅದು ಬಿಡುವ ಗುರುತು ಕಮಾನಿನ ಹಾಗೆ ಬಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಮಗುವಿಗೂ ತಿಳಿಯುತ್ತದೆ.

ಹಾಗಾಗಿ ಕೊರೆದ ಪ್ಯಾಡಿನ ಮೇಲೆ ನಂಬರ್ ಹೊಡೆಸಿದರೆ ಅಕ್ಷರ ಎಷ್ಟೇ ಚೆನ್ನಾಗಿದ್ದರೂ ಕೆಳಗಿನ ಹಾಳೆ ತಪ್ಪು. ಅದನ್ನೂ ಮರೆಮಾಚಲು ಕೆಲವರು ಸುಳ್ಳು ಗೆರೆ ಎಳೆಯುತ್ತಾರೆ ಅಂತ ಮಗಳು ಓದಿ ಹೇಳಿದಳು. ನನ್ನ ಜೀವಮಾನವೆಲ್ಲ ಒಂದು ಗೆರೆ ಸರಿ ಬರಲಿ ಅಂತ ಕೆಲಸ ಮಾಡಿದವನು ನಾನು. ಇದನ್ನು ಕೇಳಿ ಮನಸ್ಸಿಗೆ ನೋವಾಯಿತು.

ಆ ನಂಬರುಗಳನ್ನು ಎಲ್ಲಿ ಹೊಡೆಯುತ್ತಿದ್ದರು, ಒಂದೇ ಕಡೆಯೋ ಬೇರೆ ಬೇರೆ ಕಡೆಯೋ? ಯಾರಾದರೂ ಹೇಳಿ.

ಗ್ರ್ಯಾಂಡ್‌ರ್ಯಾಪಿಡ್ಸ್_64:

ಸರ್, ಇಷ್ಟು ಸ್ಪಷ್ಟವಾಗಿ ಬ್ರೋಚಿಂಗ್ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ತುಂಬಾ ಧನ್ಯವಾದ.

ಎರಡು ಬೇರೆ ಬೇರೆ ಊರಿನಲ್ಲಿ ಹೊಡೆಯುತ್ತಿದ್ದರು ಸರ್. ಎಂಜಿನ್ ತಯಾರಾದದ್ದು ಮಿಶಿಗನ್‌ನ ಫ್ಲಿಂಟ್‌ನಲ್ಲಿ. ಅಲ್ಲಿ ‘ಎಫ್0318ಎಚ್‌ಇ’ ಅನ್ನುವ ಥರ ಹೊಡೆಯುತ್ತಿದ್ದರು. ಎಫ್ ಅಂದರೆ ಫ್ಲಿಂಟ್, ಮಾರ್ಚ್ 18, ಎಚ್‌ಇ ಅಂದರೆ 66ರ 300 ಹಾರ್ಸ್‌ಪವರ್ ಮ್ಯಾನ್ಯುಅಲ್ ಗೇರಿನ ಎಂಜಿನ್. 350 ಹಾರ್ಸ್‌ಪವರ್ ಆಗಿದ್ದರೆ ಎಚ್‌ಟಿ. ಆಮೇಲೆ ಎಂಜಿನ್ ಸೇಂಟ್ ಲೂಯಿಸ್‌ಗೆ ಹೋಗಿ ಕಾರಿಗೆ ಕೂರುವಾಗ, ಆ ಕಾರಿನ ಸೀರಿಯಲ್ ನಂಬರ್ ಪಕ್ಕದಲ್ಲಿ ಹೊಡೆಯುತ್ತಿದ್ದರು. ಬೇರೆ ಜನ, ಬೇರೆ ಅಚ್ಚು, ಬೇರೆ ಪೆಟ್ಟು. ಅದಕ್ಕೇ ನಿಜವಾದ ಪ್ಯಾಡಿನಲ್ಲಿ ಎರಡೂ ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿ ಇರುವುದಿಲ್ಲ.

ಹೊಸಗೇರ್ ಅವರ ಮಾತಿಗೆ ನೇರವಾಗಿ ಉತ್ತರ ಕೊಡುತ್ತೇನೆ. ಎನ್‌ಸಿಆರ್‌ಎಸ್ ಜಡ್ಜ್‌ಗಳು ಈ ಎಂಜಿನ್ ಹುಟ್ಟಿನಿಂದ ಇದೇ ಕಾರಿನದು ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ನೋಡಲು ಫ್ಯಾಕ್ಟರಿಯ ಹಾಗಿದೆಯಾ ಅಂತ ಮಾತ್ರ ನೋಡುತ್ತಾರೆ. ಆದ್ದರಿಂದ ಸರಿಯಾದ ಬ್ಲಾಕ್ ಹುಡುಕಿ, ಚೆನ್ನಾಗಿ ನಂಬರ್ ಹೊಡೆಸಿ ಅಂಕ ತೆಗೆದುಕೊಂಡವರು ಇದ್ದಾರೆ, ಅದನ್ನು ಬಹಿರಂಗವಾಗಿ ಹೇಳಿಕೊಂಡವರೂ ಇದ್ದಾರೆ. ಅಂಥವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾರು ಕೈ ಬದಲಾಗುತ್ತದೆ. ಎರಡನೆಯವನಿಗೆ ಹೇಳಿ ಮಾರುತ್ತೀರಿ, ಅವನು ಮೂರನೆಯವನಿಗೆ ಹೇಳುವುದಿಲ್ಲ. ಮೂರನೆಯವನು ಒರಿಜಿನಲ್ ಎಂಜಿನ್ನಿನ ರೇಟು ಕೊಟ್ಟು ಮೋಸ ಹೋಗುತ್ತಾನೆ. ಆ ಮೋಸ ಶುರುವಾದದ್ದು ನಮ್ಮ ಗ್ಯಾರೇಜಿನಲ್ಲಿ.

ಡಿಲೈಟ್_ಬಸವನಗುಡಿ:

ನನ್ನದೂ ಇದೇ ಅಭಿಪ್ರಾಯ. ಇಲ್ಲಂತೂ ಎಂಜಿನ್ ನಂಬರ್ ಆರ್‌ಸಿ ಪುಸ್ತಕದಲ್ಲೇ ಇರುತ್ತದೆ. ಅದನ್ನು ತಿದ್ದುವುದು ಶೋಕಿ ಅಲ್ಲ, ಅಪರಾಧ.

ಹೊಸಗೇರ್:

ನಾನು ಇಷ್ಟು ದೂರ ಯೋಚಿಸಿರಲಿಲ್ಲ. ಮೂರನೆಯವನ ಮಾತು ಒಪ್ಪಿದೆ. ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ನನ್ನ ತಾತನ ಅಂಬಾಸಡರ್ ಇದೆ, ಮಾರ್ಕ್ 2, ಇನ್ನೂ ಕೈ ಹಾಕಿಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಬೇರೆ ಚರ್ಚೆಯಲ್ಲಿ ಕೇಳುತ್ತೇನೆ.

ಟೂಲ್‌ರೂಮ್_ಹಿರಿಯ:

ಬೇಸರವೇನಿಲ್ಲಪ್ಪ. ಏನನ್ನೂ ಬಿಚ್ಚುವ ಮೊದಲು ಫೋಟೊ ತೆಗಿ. ಬಿಚ್ಚಿದ್ದನ್ನು ಚೀಲದಲ್ಲಿ ಹಾಕಿ ಚೀಟಿ ಕಟ್ಟು. ತುಕ್ಕು ಹಿಡಿದ ಬೋಲ್ಟನ್ನೂ ಎಸೆಯಬೇಡ.

ಪೀಣ್ಯ_ಪ್ಲೇಟಿಂಗ್:

ಬೋಲ್ಟ್ ಅಂದಿದ್ದಕ್ಕೆ ನಾನೂ ಬಂದೆ. ನಮ್ಮದು ಪೀಣ್ಯದಲ್ಲಿ ಸಣ್ಣ ಪ್ಲೇಟಿಂಗ್ ಘಟಕ. ಹಳೆ ಕಾರಿನವರು ಡಬ್ಬಿ ತುಂಬ ಬೋಲ್ಟ್ ತಂದು ‘ಎಲ್ಲಾ ಹೊಸದರ ಥರ ಮಾಡಿ ಮೇಡಂ’ ಅಂತಾರೆ. ಎಲ್ಲಕ್ಕೂ ಒಂದೇ ಹೊಳಪಿನ ಝಿಂಕ್ ಹಾಕಿಸಿಕೊಂಡು ಹೋಗುತ್ತಾರೆ. ನೋಡಿದ ತಕ್ಷಣ ಗೊತ್ತಾಗುತ್ತದೆ ಅದು ಫ್ಯಾಕ್ಟರಿಯದಲ್ಲ ಅಂತ. ಆ ಕಾಲದ ಕಾರಿನಲ್ಲಿ ಕೆಲವಕ್ಕೆ ಕಪ್ಪು ಫಾಸ್ಫೇಟ್, ಕೆಲವಕ್ಕೆ ಕ್ಯಾಡ್ಮಿಯಂ, ಕೆಲವು ಏನೂ ಹಾಕದ ಬರೀ ಉಕ್ಕು. ಕ್ಯಾಡ್ಮಿಯಂ ಬಣ್ಣ ಝಿಂಕಿಗಿಂತ ಮೆತ್ತಗೆ, ಸ್ವಲ್ಪ ಬೆಚ್ಚನೆಯ ಬೆಳ್ಳಿ. ಆದರೆ ಅದು ವಿಷ, ಅದರ ದ್ರಾವಣದಲ್ಲಿ ಸೈನೈಡ್ ಇರುತ್ತದೆ. ಮನೆಯಲ್ಲಿ ಮಾಡಲು ದಯವಿಟ್ಟು ಹೋಗಬೇಡಿ. ಫಾಸ್ಫೇಟ್ ಮನೆಯಲ್ಲಿ ಮಾಡಬಹುದು. ಬೋಲ್ಟ್ ಚೆನ್ನಾಗಿ ಸ್ವಚ್ಛ ಆಗಿರಬೇಕು, ಆಮೇಲೆ ಎಣ್ಣೆ ಹಚ್ಚಬೇಕು.

ಮುಖ್ಯವಾದದ್ದು ಕೇಳಿ. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟ್ ಬೋಲ್ಟುಗಳು ಗಟ್ಟಿ ಉಕ್ಕಿನವು. ಆಸಿಡ್‌ನಲ್ಲಿ ಅದ್ದಿ ಪ್ಲೇಟಿಂಗ್ ಮಾಡಿದಾಗ ಹೈಡ್ರೋಜನ್ ಒಳಗೆ ಸೇರುತ್ತದೆ. ಹಾಗೇ ಬಿಟ್ಟರೆ ಮುಂದೆ ಒಂದು ದಿನ ಮುನ್ಸೂಚನೆ ಇಲ್ಲದೆ ಬೋಲ್ಟ್ ತುಂಡಾಗುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 190 ಡಿಗ್ರಿಯಲ್ಲಿ ಹಲವು ಗಂಟೆ ಬೇಯಿಸಬೇಕು. ನಿಮ್ಮ ಪ್ಲೇಟಿಂಗ್ ಅಂಗಡಿಯವರಿಗೆ ಇದನ್ನು ಬಾಯಿ ಬಿಟ್ಟು ಕೇಳಿ. ಏನದು ಅಂದರೆ, ಬೋಲ್ಟ್ ವಾಪಸ್ ಎತ್ತಿಕೊಂಡು ಬನ್ನಿ. ಅಂಕ ಹೋದರೆ ಹೋಗಲಿ, ಕಾರಿನಲ್ಲಿ ನೀವು ಕೂರುತ್ತೀರಿ, ನಿಮ್ಮ ಮಕ್ಕಳು ಕೂರುತ್ತಾರೆ.

ಗ್ರ್ಯಾಂಡ್‌ರ್ಯಾಪಿಡ್ಸ್_64:

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಬೋಲ್ಟಿನ ತಲೆ ಮೇಲೆ ತಯಾರಕರ ಗುರುತು ಇರುತ್ತದೆ, ‘ಟಿಆರ್’, ‘ಆರ್‌ಬಿಡಬ್ಲ್ಯು’ ಹೀಗೆ. ಜಡ್ಜ್ ಅದನ್ನೂ ನೋಡುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ದೂರದಿಂದಲೇ ತಿಳಿಯುತ್ತದೆ. ರೇಡಿಯೇಟರ್ ಹೋಸಿನ ಕ್ಲಾಂಪು ಷಿಕಾಗೊದ ವಿಟೆಕ್‌ನವರದು, ಟವರ್ ಥರದ್ದು, ಅದರ ಮೇಲೂ ಕಾಲದ ಗುರುತಿದೆ. ಹೆಡ್‌ಲೈಟು ಮಧ್ಯದಲ್ಲಿ ತ್ರಿಕೋನ ಇರುವ ಟಿ-3. ಗಾಜಿನ ಮೂಲೆಯಲ್ಲಿ ಗಾಜು ತಯಾರಿಸಿದ ಎಲ್‌ಒಎಫ್ (ಲಿಬ್ಬಿ-ಓವೆನ್ಸ್-ಫೋರ್ಡ್) ಕಂಪನಿಯ ಲೋಗೋ, ಕೆಳಗೆ ತಿಂಗಳಿಗೊಂದು ವರ್ಷಕ್ಕೊಂದು ಅಂತ ಎರಡು ಅಕ್ಷರ. ನಿಮ್ಮ ಗಾಜಿನಲ್ಲಿ ಗೀರಿದ್ದರೂ ಅಕ್ಷರ ಸರಿ ಇದ್ದರೆ ಬದಲಾಯಿಸಬೇಡಿ.

ಟೈರು 7.75-15, ಹಳೆ ಥರದ ಬಯಾಸ್ ಪ್ಲೈ. ಈಗಿನ ಥರದ ರೇಡಿಯಲ್ ಟೈರು ಹಾಕಿದರೆ ಟೈರಿನ ಅಂಕ ಹೋಗುತ್ತದೆ. ನಾನು ಎರಡು ಸೆಟ್ ಚಕ್ರ ಇಟ್ಟಿದ್ದೇನೆ, ಓಡಿಸಲು ಒಂದು, ಜಡ್ಜಿಂಗ್‌ಗೆ ಒಂದು.

ಟ್ರಿಮ್ ಟ್ಯಾಗ್ ನೋಡಿ, ಅಂದರೆ ಬಾಡಿ ನಂಬರ್, ಬಣ್ಣದ ಗುರುತು ಇರುವ ಸಣ್ಣ ತಗಡು. ಗ್ಲವ್‌ಬಾಕ್ಸ್ ಕೆಳಗಿನ ಪಟ್ಟಿ ಮೇಲೆ ಇದೆ. ಬಾಡಿ ನಂಬರಿನ ಜೊತೆ ‘ಎ’ ಇದ್ದರೆ ನಿಮ್ಮ ಬಾಡಿ ಸೇಂಟ್ ಲೂಯಿಸ್‌ನದ್ದಲ್ಲ, ಎ.ಒ. ಸ್ಮಿತ್ ಕಂಪನಿ ನಮ್ಮ ಮಿಶಿಗನ್‌ನ ಅಯೋನಿಯಾದಲ್ಲಿ ಮಾಡಿ ರೈಲಿನಲ್ಲಿ ಕಳಿಸಿದ್ದು. ಬಣ್ಣದ ಕೆಲಸ ಎರಡು ಕಡೆ ಸ್ವಲ್ಪ ಬೇರೆ ಬೇರೆ, ಅದನ್ನು ತಿಳಿಯದೆ ಪೇಂಟರ್‌ಗೆ ಕೊಡಬೇಡಿ.

ತಿಪಟೂರು_ಮಿಶಿಗನ್:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ಹತ್ತು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮ್ಯಾನ್ಯುಅಲ್ ಎರಡಲ್ಲ, ಮೂರು ಸಲ ಓದಿದೆ. ಟ್ರಿಮ್ ಟ್ಯಾಗ್ ಮೇಲೆ ‘ಎ’ ಇದೆ! ಅಂದರೆ ಬಾಡಿ ಅಯೋನಿಯಾದ್ದು, ನಮ್ಮ ಮನೆಯಿಂದ ಎರಡು ಗಂಟೆ ದಾರಿ. ಒಂದು ಭಾನುವಾರ ಮಗನನ್ನು ಕೂರಿಸಿಕೊಂಡು ಆ ಊರಿಗೆ ಸುಮ್ನೆ ಹೋಗಿ ಬಂದೆ. ನೋಡಲು ಏನೂ ಇರಲಿಲ್ಲ, ಆದರೂ ಹೋಗಬೇಕು ಅನ್ನಿಸಿತು.

ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಕಾರ್ವೆಟ್ ಮೇಳಕ್ಕೆ ಹೋದೆ. ಜೇಬಿನಲ್ಲಿ ಒಂದೇ ಚೀಟಿ, ಅದರಲ್ಲಿ ಬೇಕಾದ ಒಂಬತ್ತು ಪಾರ್ಟು, ಒಂದೊಂದರ ಮುಂದೆ ನಂಬರು, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ. ಕೈಯಲ್ಲಿ ಟಾರ್ಚು, ಭೂತಗನ್ನಡಿ, ಹಲ್ಲುಜ್ಜುವ ಹಳೆ ಬ್ರಷ್ಷು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೇ ದಿನ ಮಧ್ಯಾಹ್ನ, ವಯಸ್ಸಾದ ಒಬ್ಬರು ಟಾರ್ಪಾಲ್ ಮೇಲೆ ಹಳೆ ಸಾಮಾನು ಹರಡಿಕೊಂಡು ಕೂತಿದ್ದರು. ಎಣ್ಣೆ ಮೆತ್ತಿದ ಒಂದು ಆಲ್ಟರ್ನೇಟರ್. ಬ್ರಷ್ಷಿನಿಂದ ಉಜ್ಜಿದೆ. ಮೊದಲು 1100693 ಕಾಣಿಸಿತು. ಇನ್ನೂ ಉಜ್ಜಿದೆ. ‘6ಸಿ2’. ಮಾರ್ಚ್ 2! ಕೈ ನಡುಗಿತು. ಅವರು ಕೇಳಿದ ಹಣ ನಾನು ಆ ಡಬ್ಬಿಗೆ ಕೊಟ್ಟಿದ್ದರ ಕಾಲು ಭಾಗ ಕೂಡ ಅಲ್ಲ. ನಾನೇ ಸ್ವಲ್ಪ ಜಾಸ್ತಿ ಕೊಟ್ಟು ಬಂದೆ. ಚೀಟಿಯಲ್ಲಿದ್ದ ಒಂಬತ್ತರಲ್ಲಿ ನಾಲ್ಕು ಸಿಕ್ಕವು.

ಆ 1971ರ ಆಲ್ಟರ್ನೇಟರನ್ನು 71ರ ಕಾರು ಇರುವ ಒಬ್ಬರಿಗೆ ತಾರೀಖು ಹೇಳಿಯೇ ಮಾರಿದೆ. ಅವರಿಗೆ ಅದು ಬೇಕಿತ್ತು.

ಎಂಜಿನ್ ಪ್ಯಾಡ್ ಖಾಲಿಯಾಗೇ ಬಿಟ್ಟಿದ್ದೇನೆ. ಲೆಕ್ಕ ಹಾಕಿದೆ. ಟಾಪ್ ಫ್ಲೈಟ್ ಬೇಕಾದರೆ 4510ರಲ್ಲಿ ಕಳೆದುಕೊಳ್ಳಬಹುದಾದ್ದು 270 ಅಂಕ. ಪ್ಯಾಡಿನಲ್ಲಿ ಒಂದಿಷ್ಟು, ಬಣ್ಣದಲ್ಲಿ ಒಂದಿಷ್ಟು ಹೋಗುತ್ತದೆ, ಆದ್ದರಿಂದ ಈ ಸಲ ಸೆಕೆಂಡ್ ಫ್ಲೈಟಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಹಿರಿಯರು ಬರೆದದ್ದನ್ನು ಕನ್ನಡ ಬಾರದ ನನ್ನ ಗೆಳೆಯ ಒಬ್ಬನಿಗೂ ಓದಿ ಅರ್ಥ ಹೇಳಿದೆ. ಅವನೂ ತನ್ನ ಬ್ಲಾಕ್ ತೆಗೆದು ಗೆರೆ ನೋಡಿದ. ಅವನದು ನೇರ ಗೆರೆ, ಒರಿಜಿನಲ್. ನನಗೂ ಖುಷಿಯಾಯಿತು.

ಈಗ ಬಾಕಿ ಇರುವುದು ಕಡಿಮೆ. ಮುಖ್ಯವಾಗಿ ಏಸಿ 44 ಸ್ಪಾರ್ಕ್ ಪ್ಲಗ್ಗು, ಪಿಂಗಾಣಿ ಮೇಲೆ ನಾಲ್ಕು ಹಸಿರು ಗೆರೆ ಇರುವಂಥದ್ದು. ಎಂಟು ಬೇಕು, ಆರು ಸಿಕ್ಕಿವೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಟೂಲ್‌ರೂಮ್_ಹಿರಿಯ:

ಖಾಲಿ ಬಿಟ್ಟದ್ದು ತಿಳಿದು ತುಂಬಾ ಸಂತೋಷವಾಯಿತು ಮಗು. ಕಾರಿನ ಫೋಟೊ ಹಾಕು. ಪ್ಯಾಡಿನದ್ದೂ ಒಂದು, ಹತ್ತಿರದಿಂದ.

ಗ್ರ್ಯಾಂಡ್‌ರ್ಯಾಪಿಡ್ಸ್_64:

ಹಸಿರು ಗೆರೆಯದು ನನ್ನ ಹತ್ತಿರ ಮೂರು ಇವೆ. ಒಂದರ ಪಿಂಗಾಣಿ ಸ್ವಲ್ಪ ಚಕ್ಕೆ ಎದ್ದಿದೆ, ಉಳಿದ ಎರಡು ಚೆನ್ನಾಗಿವೆ. ಶನಿವಾರ ಬೆಳಿಗ್ಗೆ ಬನ್ನಿ, ತಿಂಡಿ ನಮ್ಮಲ್ಲೇ. ಕಾರಿನಲ್ಲೇ ಬನ್ನಿ, ಬಯಾಸ್ ಟೈರು ಬೇಡ, ರೇಡಿಯಲ್ ಹಾಕಿಕೊಂಡು. ರಸ್ತೆಯಲ್ಲಿ ಮಳೆ ಇರಬಹುದು.